ಹೊಳೆ ಆಚೆ ರೂಮು, ಮಾಜಾಳಿಗೆ ಸೈಕಲ್ಲು: ಒಬ್ಬ ಇಂಜಿನಿಯರಿಂಗ್ ಹುಡುಗನ ತಿಂಗಳ ಲೆಕ್ಕ

ಘಟ್ಟದ ಮೇಲಿನ ಪರಿಚಯದವರು ಮಕ್ಕಳನ್ನ ಕಾರವಾರಕ್ಕೆ ಓದೋಕೆ ಕಳಿಸೋ ಮುಂಚೆ ನಂಗೆ ಫೋನ್ ಮಾಡ್ತಾರೆ. ಕಾಲೇಜ್ ಫೀ ಎಷ್ಟು ಅಂತ ಅವ್ರಿಗೆ ಮೊದಲೇ ಗೊತ್ತಿರ್ತದೆ, ಅದನ್ನ ಕೇಳಲ್ಲ, ಕೇಳೋದು ತಿಂಗಳಿಗೆ ಕೈಯಿಂದ ಎಷ್ಟು ಹೋಗ್ತದೆ ಮಾರಾಯ ಅಂತ. ಐದು ಸಾವಿರ ಅಂದವರೂ ಸರಿ, ಹತ್ತು ಸಾವಿರ ಅಂದವರೂ ಸರಿ, ಯಾಕಂದ್ರೆ ರೂಮು ಎಲ್ಲಿ, ಕಾಲೇಜು ಎಲ್ಲಿ, ನಡುವೆ ಹೋಗೋದು ಹೆಂಗೆ ಅನ್ನೋದ್ರ ಮೇಲೆ ಎಲ್ಲ ನಿಂತಿದೆ. ಹಂಗಾಗಿ ಸುಮ್ನೆ ಸರಾಸರಿ ಹೇಳೋದು ಬಿಟ್ಟು, ನಾನು ಹತ್ರದಿಂದ ನೋಡಿದ ಒಬ್ಬನೇ ಹುಡುಗನ ಎರಡು ವರ್ಷದ ಲೆಕ್ಕ ಇಲ್ಲಿ ಪೂರ್ತಿ ಬರೀತಿದೇನೆ. ನಮ್ಮ ಚಿಕ್ಕಪ್ಪನ ಮಗ, ಮಾಜಾಳಿಯ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಲ್ಲಿ ಓದ್ತಾನೆ, ಖರ್ಚು ಬರೆದಿಡೋ ಅಭ್ಯಾಸ ಅವ್ನಿಗೆ ಅಪ್ಪನಿಂದ ಬಂದಿದೆ, ಅಡಿಕೆ ಕೊಯ್ಲಿನ ಕೂಲಿ ಬರೆಯೋ ಹಂಗೇ ಹಾಲಿನ ಪ್ಯಾಕೆಟ್ಟನ್ನೂ ಬರೀತಾನೆ. ಅವನನ್ನ ಕೇಳಿಯೇ ಬರೀತಿದೇನೆ, ಹೆಸರು ಬೇಡ ಅಂದ, ಅಡ್ಡಿಲ್ಲ.

ಮನೆ ಯಲ್ಲಾಪುರದ ಬದಿ. ಒಂದು ಎಕರೆ ಚಿಲ್ಲರೆ ತೋಟ, ಮಳೆ ಜಾಸ್ತಿ ಆದ ವರ್ಷ ಕೊಳೆ ರೋಗ ಬಂದು ಅರ್ಧ ಫಸಲು ನೆಲಕ್ಕೆ. ಬಡವರು ಅಂತ ಹೇಳೋ ಹಂಗಿಲ್ಲ, ಆದ್ರೆ ತಿಂಗಳ ಸಂಬಳ ಬರೋ ಮನೆಯೂ ಅಲ್ಲ, ದುಡ್ಡು ಬಂದ್ರೆ ಒಟ್ಟಿಗೆ ಬರ್ತದೆ ಇಲ್ದಿದ್ರೆ ಇಲ್ಲ, ಹಂಗಾಗಿ ತಿಂಗಳ ತಿಂಗಳ ಕಳಿಸೋ ದುಡ್ಡೇ ಇಂಥ ಮನೆಗಳಿಗೆ ತಲೆನೋವು. ಹಾಸ್ಟೆಲ್ ವಿಚಾರಕ್ಕೆ ಹೋಗಲ್ಲ, ಅವ್ನಿಗೂ ಇನ್ನೊಬ್ಬ ಅಂಕೋಲದ ಹುಡುಗನಿಗೂ ಸ್ವಂತ ಅಡಿಗೆ ಮಾಡ್ಕೊಂಡು ಇರೋ ಮನಸ್ಸಿತ್ತು, ಇಬ್ಬರೂ ಸೇರಿ ರೂಮ್ ಹುಡುಕಿದ್ರು.

ಮೊದಲ ವರ್ಷ, ಅಂದ್ರೆ 2023ರಲ್ಲಿ, ಎಲ್ಲರೂ ಮಾಡೋದನ್ನೇ ಮಾಡಿದ್ರು. ಕಾರವಾರ ಪೇಟೆಗೆ ಹತ್ರ ಇರ್ಲಿ ಅಂತ ಕೋಡಿಬಾಗದ ಬದಿ ರೂಮು. ಒಂದು ಹಾಲು, ಒಂದು ಅಡಿಗೆ ಕೋಣೆ, ಬಾಡಿಗೆ 7,000, ತಲೆಗೆ 3,500. ಪೇಟೆ ಬಾಡಿಗೆ ಇಷ್ಟು ಯಾಕೆ ಅಂತ ಕೇಳಿದ್ರೆ ಊರು ನೋಡಿ: ಜಿಲ್ಲಾ ಕೇಂದ್ರ, ಕಚೇರಿಗಳೆಲ್ಲ ಇಲ್ಲಿ, ಮೆಡಿಕಲ್ ಕಾಲೇಜು ಇಲ್ಲಿ, ತೆಂಕಲಿಗೆ ಅರ್ಗಾದಲ್ಲಿ ನೌಕಾನೆಲೆ, ಒಳಗೆ ಕೈಗಾ ಅಣು ಸ್ಥಾವರ. ಒಂದು ಬದಿ ಸಮುದ್ರ, ಇನ್ನೊಂದು ಬದಿ ಗುಡ್ಡ, ನಡುವೆ ಇರೋ ಪಟ್ಟಿಯಲ್ಲೇ ಎಲ್ಲರೂ ಮನೆ ಹುಡುಕ್ಬೇಕು. ಸಂಬಳ ಬರೋ ಜನರ ಜೊತೆ ಸ್ಟೂಡೆಂಟು ಬಾಡಿಗೆಗೆ ಪೈಪೋಟಿ ಮಾಡೋದು ಆಗೋ ಮಾತಲ್ಲ.

ಮಾಜಾಳಿ ಪೇಟೆಯಿಂದ ಹತ್ತು ಕಿಲೋಮೀಟರ್ ಆಸುಪಾಸು, ಗೋವಾ ಗಡಿ ಕಡೆಗೆ, ಕಾಳಿ ಹೊಳೆ ದಾಟಿ ಸದಾಶಿವಗಡದ ಮೇಲಿಂದ ಹೋಗ್ಬೇಕು. ಹೋಗೋಕೆ ಬಸ್ಸು. ವಿದ್ಯಾರ್ಥಿ ಪಾಸು ಹತ್ತು ತಿಂಗಳಿಗೆ ಒಂದೂವರೆ ಸಾವಿರದ ಹತ್ರ, ತಿಂಗಳಿಗೆ ಹಂಚಿದ್ರೆ 150 ರೂಪಾಯಿ. ಇಷ್ಟು ಅಗ್ಗಕ್ಕೆ ಬೇರೆ ಎಂತದೂ ಸಿಗಲ್ಲ, ಪಂಚರ್ ಹಾಕ್ಸೋಕೇ ಈಗ ಐವತ್ತು ಕೇಳ್ತಾರೆ. ಆದ್ರೆ ಪಾಸ್ ಇದ್ದ ಮಾತ್ರಕ್ಕೆ ಬಸ್ಸು ಕ್ಲಾಸಿನ ಹೊತ್ತಿಗೆ ಬರ್ಬೇಕಲ್ಲ. ಒಂದು ಬಸ್ಸು ತೀರಾ ಬೇಗ, ಮುಂದಿನದ್ರಲ್ಲಿ ಕಾಲಿಡೋಕೆ ಜಾಗ ಇಲ್ಲ. ಮಡಗಾಂವ್ ಕಡೆ ಹೋಗೋ ಗೋವಾದ ಕದಂಬ ಬಸ್ಸು ಅದೇ ದಾರೀಲಿ ಹೋಗ್ತದೆ ಹೌದು, ಆದ್ರೆ ಅದಕ್ಕೆ ನಮ್ಮ ಪಾಸು ನಡೆಯಲ್ಲ, ದುಡ್ಡು ಕೊಡ್ಬೇಕು. ಹಂಗೆ ಟಿಕೆಟ್ಟು, ಶೇರ್ ರಿಕ್ಷಾ ಅಂತ ತಿಂಗಳಿಗೆ 300ರ ತನಕ ಹೋಗ್ತಿತ್ತು.

ಜಾಸ್ತಿ ದುಡ್ಡು ಹೋಗ್ತಿದ್ದಿದ್ದು ಊಟಕ್ಕೆ. ಬಸ್ ತಪ್ಪಬಾರದು ಅಂತ ಬೆಳಿಗ್ಗೆ ಏಳೂಕಾಲಕ್ಕೇ ರೂಮ್ ಬಿಡೋದು, ಹಿಂದಿನ ರಾತ್ರಿ ಹನ್ನೆರಡರ ತನಕ ಅಸೈನ್‌ಮೆಂಟು ಬರೆದವನು ಬೆಳಿಗ್ಗೆ ಎದ್ದು ಅನ್ನ ಬೇಯಿಸಿ ಡಬ್ಬಿ ಕಟ್ಕೊಳ್ತಾನೆ ಅಂತ ನಂಬೋದು ತಾಯಂದಿರು ಮಾತ್ರ. ಮಧ್ಯಾಹ್ನ ಹೊರಗೆ ಊಟ, 80 ರೂಪಾಯಿ, ತಿಂಗಳಿಗೆ ಹತ್ರ ಹತ್ರ 1,900. ರೂಮಿನ ಅಡಿಗೆ ಸಾಮಾನು, ಗ್ಯಾಸು, ಹಾಲು ಎಲ್ಲ ಸೇರಿ ತಲೆಗೆ 2,000. ಅಂತೂ ಬಾಡಿಗೆ 3,500, ಪಾಸು 150, ತಪ್ಪಿದ ಬಸ್ಸಿನ ದಂಡ 300, ಹೊರಗಿನ ಊಟ 1,900, ಅಡಿಗೆ 2,000: ಒಟ್ಟು 7,850. ಮೊಬೈಲ್ ರೀಚಾರ್ಜು, ಜೆರಾಕ್ಸು, ಕಟಿಂಗು ಇವನ್ನ ಸೇರಿಸಿಲ್ಲ, ಅವು ಎಲ್ಲಿದ್ರೂ ಅಷ್ಟೇ.

ಆಮೇಲೆ 2024ರ ಆಗಸ್ಟ್ 7. ಮಧ್ಯರಾತ್ರಿ ಕಳೆದ ಮೇಲೆ ಕಾಳಿ ಹೊಳೆಯ ಹಳೇ ಸೇತುವೆ ಕುಸಿದು ಬಿತ್ತು, ಜೊತೆಗೆ ಒಂದು ಲಾರಿಯೂ ಹೊಳೆಗೆ. ಚಾಲಕನನ್ನ ಬದುಕಿಸಿ ಮೇಲೆ ತಂದ್ರು, ಅದೊಂದು ಪುಣ್ಯ. ನಲವತ್ತು ವರ್ಷದ ಸೇತುವೆ ಅದು, ಚತುಷ್ಪಥಕ್ಕೆ ಅಂತ ಪಕ್ಕದಲ್ಲಿ ಹೊಸದು ಕಟ್ಟಿದ ಮೇಲೆ ಹಳೇದ್ರಲ್ಲಿ ಗೋವಾ ಕಡೆಯಿಂದ ಬರೋ ವಾಹನ, ಹೊಸದ್ರಲ್ಲಿ ಹೋಗೋ ವಾಹನ ಅಂತ ನಡೀತಿತ್ತು. ಕುಸಿದ ಮೇಲೆ ಹೊಸದನ್ನೂ ಸ್ವಲ್ಪ ನಿಲ್ಸಿ, ಪರೀಕ್ಷೆ ಮಾಡಿ, ಆಮೇಲೆ ಎರಡೂ ಕಡೆಯ ಗಾಡಿಗಳನ್ನ ಅದೊಂದರ ಮೇಲೇ ಬಿಟ್ರು. ಹೊರಗಿನವರಿಗೆ ಅದು ಎರಡು ದಿನದ ಸುದ್ದಿ, ಹೊಳೆ ಈಚೆ ಮಲಗಿ ಆಚೆ ಓದೋ ಹುಡುಗ್ರಿಗೆ ಮಾತ್ರ ಆವತ್ತಿಂದ ದಿನಾ ಬೆಳಿಗ್ಗೆ ಹೊರಡೋ ಹೊತ್ತಿನ ಲೆಕ್ಕವೇ ತಪ್ಪಿತು. ಬ್ರಿಜ್ ಮೇಲೆ ಒಂದು ಕಂಟೇನರ್ ಲಾರಿ ನಿಧಾನ ಆದ್ರೆ ಹಿಂದಿನ ಬಸ್ಸೂ ನಿಧಾನ, ಓವರ್‌ಟೇಕ್ ಇಲ್ಲ.

ಆಗಲೇ ನಮ್ಮ ಹುಡುಗ ಕೇಳಿದ್ದು, ಅಣ್ಣ, ಕಾಲೇಜು ಹೊಳೆ ಆಚೆ, ನಾವ್ಯಾಕೆ ಈಚೆ ಇರ್ಬೇಕು ಅಂತ. ಈ ಪ್ರಶ್ನೆ ಒಂದು ವರ್ಷ ಯಾರೂ ಕೇಳಿರ್ಲಿಲ್ಲ, ಯಾಕಂದ್ರೆ ಕಾರವಾರದಲ್ಲಿ ಓದೋದು ಅಂದ್ರೆ ಕಾರವಾರ ಪೇಟೆಯಲ್ಲಿ ಇರೋದು ಅಂತ ಮನೆಯವರ ತಲೇಲಿ ಕೂತಿತ್ತು.

ಸದಾಶಿವಗಡದ ಸುತ್ತ ಚಿತ್ತಾಕುಲ ಪಂಚಾಯ್ತಿ. ಹೈವೇ ಪಕ್ಕದ ಮನೆಗಳ ಬಾಡಿಗೆ ಪೇಟೆಗಿಂತ ಬಹಳ ಏನೂ ಕಮ್ಮಿ ಇಲ್ಲ, ಅಲ್ಲೂ ನೋಡಿದ್ರು, ಆರು ಸಾವಿರ ಅಂದ್ರು. ಅಲ್ಲಿಂದ ಸಮುದ್ರದ ಬದಿಗೆ ಒಳಗೆ ಹೋದ ಹಾಗೆ ಬಾಡಿಗೆ ಇಳೀತಾ ಹೋಗ್ತದೆ, ಬಸ್ ಸ್ಟಾಪಿಗೆ ಎಷ್ಟು ದೂರವೋ ಅಷ್ಟು ಅಗ್ಗ. ಬಸ್ಸಿನ ಮೇಲೆ ಬದುಕೋನಿಗೆ ಆ ಅಗ್ಗದಿಂದ ಉಪಯೋಗ ಇಲ್ಲ, ಒಂದೂವರೆ ಕಿಲೋಮೀಟರ್ ನಡೆದು ಸ್ಟಾಪಿಗೆ ಬಂದು ಆಮೇಲೆ ಬಸ್ ಕಾಯೋದು ಅಂದ್ರೆ ಕೋಡಿಬಾಗವೇ ವಾಸಿ. ಸ್ವಂತ ಗಾಡಿ ಇದ್ದವನಿಗೆ ಮಾತ್ರ ಆ ಒಳಗಿನ ರೂಮು ಲಾಭ. ಈ ಪ್ರಕರಣದಲ್ಲಿ ಸೈಕಲ್ ಬಂದಿದ್ದು ಇಲ್ಲಿ. ಬಸ್ಸಿನ ದುಡ್ಡು ಉಳಿಸೋಕೆ ಅಂತ ಅವ್ನು ಸೈಕಲ್ ತಗೊಂಡಿದ್ದಲ್ಲ.

ಸಿಕ್ಕಿದ ಮನೆ ಒಬ್ಬ ವಯಸ್ಸಾದ ಕೊಂಕಣಿ ಹೆಂಗಸಿಂದು, ಮಗ ಗೋವಾದಲ್ಲಿ ಕೆಲ್ಸಕ್ಕಿದಾನೆ, ಮನೆ ಹಿಂದಿನ ಎರಡು ಕೋಣೆ ಖಾಲಿ. ಬಾಡಿಗೆ 4,000, ಅಡ್ವಾನ್ಸ್ 10,000, ಬಾವಿ ನೀರು, ಹಿತ್ಲಲ್ಲಿ ಬಟ್ಟೆ ಒಣಗ್ಸೋಕೆ ಜಾಗ. ಕರೆಂಟು ಒಂದೇ ಮೀಟರು, ಗೃಹಜ್ಯೋತಿ ಇರೋದ್ರಿಂದ ಬಿಲ್ಲು ಸೊನ್ನೆ, ಆದ್ರೆ ಆ ಯೋಜನೆ 200 ಯೂನಿಟ್ ಒಳಗೆ ಮಾತ್ರ, ಅದೂ ಆ ಮನೆಯ ಹಿಂದಿನ ಬಳಕೆಯ ಸರಾಸರಿಗಿಂತ ಸ್ವಲ್ಪ ಜಾಸ್ತಿ ತನಕ. ಹಂಗಾಗಿ ಹುಡುಗ್ರು ಮಾವಶಿ ಅಂತ ಕರೆಯೋ ಆ ಹೆಂಗಸು ಮೊದ್ಲೇ ಕಂಡೀಷನ್ ಹಾಕಿದ್ರು, ಇಂಡಕ್ಷನ್ ಒಲೆ ಇಡೋ ಹಂಗಿಲ್ಲ ಪುತಾ, ನೀವು ನೀರು ಕಾಯ್ಸೋಕೆ ಶುರು ಮಾಡಿದ್ರೆ ಬಿಲ್ಲು ನನ್ನ ತಲೆ ಮೇಲೆ ಬರ್ತದೆ ಅಂತ. ಸರಿಯಾಗೇ ಹೇಳಿದ್ರು. ಒಂದೇ ಮೀಟರ್ ಇರೋ ಮನೇಲಿ ಬಾಡಿಗೆಗೆ ಇರೋರು ಈ ಮಾತನ್ನ ಮೊದಲ ದಿನವೇ ಆಡಿ ಮುಗಿಸೋದು ಒಳ್ಳೇದು.

ಸೈಕಲ್ ಬಗ್ಗೆ ಸ್ವಲ್ಪ ಉದ್ದ ಬರೀತೇನೆ, ಬೇಜಾರಾದವರು ಮುಂದೆ ಹಾರಿ. ಕರ್ನಾಟಕದಲ್ಲಿ 2006-07ರಿಂದ ಎಂಟನೇ ಕ್ಲಾಸಿನ ಸರ್ಕಾರಿ ಶಾಲೆ ಮಕ್ಕಳಿಗೆ ಸೈಕಲ್ ಕೊಡ್ತಿದ್ರಲ್ಲ, ಕೊರೊನಾ ಬಂದ ಮೇಲೆ ನಿಂತಿದ್ದು, ಆ ಸೈಕಲ್ಲು ಇವ್ನಿಗೂ ಎಂಟನೇ ಕ್ಲಾಸಲ್ಲಿ ಬಂದಿತ್ತು. ಪಿಯುಸಿಗೆ ಹೋದ ಮೇಲೆ ಮನೆ ಕೊಟ್ಟಿಗೆ ಮೂಲೇಲಿ ಮಡ್‌ಗಾರ್ಡ್ ಮೇಲೆ ಗೊಬ್ಬರದ ಚೀಲ ಹೇರ್ಕೊಂಡು ನಿಂತಿತ್ತು. ಅದನ್ನೇ ಅಂಕೋಲಕ್ಕೆ ಬರೋ ಪಿಕಪ್ಪಲ್ಲಿ ಹಾಕಿ ಅರಬೈಲ್ ಘಟ್ಟ ಇಳಿಸಿ ತಂದ. ಗೇರ್ ಇಲ್ಲ, ಭಾರ ಇದೆ, ನೋಡೋಕೆ ಚಂದ ಇಲ್ಲ, ಫ್ರೇಮು ಮಾತ್ರ ಗಟ್ಟಿ. ಸೀಟನ್ನ ಎತ್ತರಿಸಿದ್ರೆ ಕಾಲು ಸರಿಯಾಗಿ ಚಾಚ್ತದೆ, ಎಷ್ಟೋ ಜನ ಸೀಟು ಕೆಳಗಿಟ್ಕೊಂಡು ಮಂಡಿ ನೋವು ಅಂತಾರೆ.

ಸೈಕಲ್ ಅಂಗಡಿಯವ್ರು ಬಿಚ್ಚಿ ನೋಡಿದ್ರೆ ಎರಡೂ ಟೈರು ಬಿರುಕು ಬಿಟ್ಟಿತ್ತು, ಟ್ಯೂಬು ಕೈಗೆ ಅಂಟ್ತಿತ್ತು. ಟೈರು 350ರಂತೆ ಎರಡಕ್ಕೆ 700, ಟ್ಯೂಬು ಎರಡಕ್ಕೆ 300, ಚೈನು 180, ಫ್ರೀವೀಲು 120, ಬ್ರೇಕ್ ಶೂ 80, ಕೂಲಿ 250. ಒಟ್ಟು 1,630. ಇದ್ರಲ್ಲಿ ಫ್ರೀವೀಲಿನ ವಿಚಾರ ಒಂದು ಚೂರು ಹೇಳ್ಬೇಕು. ಅದು ಹಿಂದಿನ ಚಕ್ರದಲ್ಲಿ ಚೈನು ಕೂರೋ ಹಲ್ಲಿನ ಬಿಲ್ಲೆ, ಹಳೇದು 18 ಹಲ್ಲಿನದು, ಅಂಗಡಿಯವ್ರು 20 ಹಲ್ಲಿಂದು ಹಾಕ್ಸು ಅಂದ್ರು. ಹಿಂದಿನ ಚಕ್ರದ ಹಲ್ಲು ಜಾಸ್ತಿ ಆದ್ರೆ ಪೆಡ್ಲು ಹಗೂರ, ಒಂದು ಸುತ್ತಿಗೆ ಹೋಗೋ ದೂರ ಸ್ವಲ್ಪ ಕಮ್ಮಿ. ಗೇರ್ ಇಲ್ಲದ ಸೈಕಲ್ಲಿಗೆ ಗಾಳಿ ಎದುರು ತುಳಿಯೋಕೆ, ಸೇತುವೆಯ ಏರು ಹತ್ತೋಕೆ ಇದು ಅಗ್ಗದ ಉಪಾಯ. ಮಟ್ಟಸ ರಸ್ತೇಲಿ ಜೋರು ಹೋಗೋಕೆ ಆಗಲ್ಲ ಅಂತ ಹುಡುಗ ಮೊದಮೊದ್ಲು ಗೊಣಗ್ದ, ಆಮೇಲೆ ಸುಮ್ನಾದ.

ರೂಮಿಂದ ಕಾಲೇಜಿಗೆ ಐದು ಕಿಲೋಮೀಟರ್ ಒಳಗೇ. ಆದಷ್ಟು ಒಳರಸ್ತೇಲಿ ಹೋಗ್ತಾನೆ, ತೆಂಗು, ಗಾಳಿ ಮರ, ಮನೆ ಅಂಗಳದ ನಾಯಿ, ಮೀನು ಒಣಗ್ಸಿದ ವಾಸನೆ, ಅಲ್ಲಲ್ಲಿ ಹಂಪು. ಒಂದಷ್ಟು ದೂರ ಹೈವೇ ತಪ್ಪಲ್ಲ. 66ನೇ ಹೆದ್ದಾರಿ ಅಗಲ ಆಗಿದೆ, ಸೈಕಲ್‌ನವನಿಗೆ ಅದ್ರಿಂದ ಎಂತ ಸಿಕ್ತು ಅಂದ್ರೆ ಅಂಚಿನ ಬಿಳಿ ಗೆರೆಯ ಆಚೆ ಒಂದು ಪಟ್ಟಿ, ಅದ್ರ ಮೇಲೆ ಮರಳು ಜಲ್ಲಿ, ಎದುರಿಂದ ರಾಂಗ್ ಸೈಡಲ್ಲಿ ಬರೋ ಸ್ಕೂಟರು. ಮೀಡಿಯನ್ ಬಿಟ್ಟಲ್ಲಿ ದಾಟೋದೇ ಕಷ್ಟ, ಗೋವಾ ಕಡೆಯಿಂದ ಬರೋ ಕಾರುಗಳು ಗಡಿ ದಾಟಿದ ಖುಷೀಲಿ ಇರ್ತಾವೆ. ಅವ್ನು ಇಳಿದು, ಸೈಕಲ್ ತಳ್ಕೊಂಡು ದಾಟ್ತಾನೆ, ಅದನ್ನ ನಾನೇ ನೋಡಿದೇನೆ, ಹಿಂದಿನ ಹುಡುಗ್ರು ನಗ್ತಾರೆ, ನಗ್ಲಿ.

ಗಾಳಿ ಇಲ್ಲಿ ಅವ್ನ ಪರವಾಗಿದೆ. ಮಳೆ ಇಲ್ಲದ ತಿಂಗಳಲ್ಲಿ ಮಧ್ಯಾಹ್ನದ ಮೇಲೆ ಸಮುದ್ರದ ಗಾಳಿ ಏಳ್ತದೆ, ಪಡುವಣದಿಂದ, ಹೆಚ್ಚು ಪಾಲು ಬಡಗು ಪಡುವಣದಿಂದ. ಅವ್ನು ಸಂಜೆ ವಾಪಸ್ ಬರೋದು ತೆಂಕಲಿಗೆ. ಹಂಗಾಗಿ ಸುಸ್ತಾದ ಹೊತ್ತಲ್ಲಿ ಗಾಳಿ ಬೆನ್ನಿಗೆ ಬೀಳ್ತದೆ, ಬೆಳಿಗ್ಗೆ ಹೋಗುವಾಗ ಆ ಗಾಳಿ ಎದ್ದಿರೋದೇ ಇಲ್ಲ. ಇದೇ ಹುಡುಗ ಸದಾಶಿವಗಡದಲ್ಲಿ ಓದಿ ಮಾಜಾಳಿಯಲ್ಲಿ ರೂಮು ಮಾಡಿದ್ರೆ ದಿನಾ ಸಂಜೆ ಎದುರು ಗಾಳಿ ತಿನ್ಬೇಕಿತ್ತು. ಕರಾವಳೀಲಿ ರೂಮ್ ಹುಡುಕೋ ಸೈಕಲ್‌ನವ್ರು ಇದನ್ನ ಒಂದು ಸಲ ಯೋಚ್ನೆ ಮಾಡಿ, ಯಾರೂ ಹೇಳಿಕೊಡಲ್ಲ.

ಈಗ ಎರಡನೇ ವರ್ಷದ ಲೆಕ್ಕ. ಬಾಡಿಗೆ ತಲೆಗೆ 2,000. ಪಾಸು ಮಾಡ್ಸೋದು ಬಿಡ್ಲಿಲ್ಲ, 150. ಅಡಿಗೆ ಖರ್ಚು 2,800ಕ್ಕೆ ಏರಿತು, ಹೊರಗಿನ ಊಟ 300ಕ್ಕೆ ಇಳೀತು. ಸೈಕಲ್ಲಿಗೆ ಹಾಕಿದ ದುಡ್ಡನ್ನ ಹತ್ತು ತಿಂಗಳಿಗೆ ಹಂಚಿ, ಎಣ್ಣೆ ಪಂಚರು ಸೇರಿಸಿದ್ರೆ ತಿಂಗಳಿಗೆ 260. ಒಟ್ಟು 5,510. ಮೊದಲ ವರ್ಷದ 7,850ರಲ್ಲಿ ಕಳೆದ್ರೆ 2,340 ಉಳಿತಾಯ.

ಈ 2,340 ಎಲ್ಲಿಂದ ಬಂತು ಅಂತ ಬಿಡಿಸಿ ನೋಡ್ಬೇಕು, ಇಲ್ದಿದ್ರೆ ಸೈಕಲ್ ತಗೊಂಡ್ರೆ ದುಡ್ಡು ಉಳೀತದೆ ಅಂತ ಇನ್ನೊಬ್ರು ಹೇಳ್ಕೊಂಡು ತಿರುಗ್ತಾರೆ. ಓಡಾಟದ ಖರ್ಚಲ್ಲಿ ಉಳಿದಿದ್ದು ನಲವತ್ತು ರೂಪಾಯಿ, ಅಷ್ಟೇ. ಮುಂಚೆ ತಪ್ಪಿದ ಬಸ್ಸಿಗೆ 300 ಹೋಗ್ತಿತ್ತು, ಈಗ ಸೈಕಲ್ಲಿಗೆ 260 ಹೋಗ್ತದೆ. ಬಾಡಿಗೆಯಲ್ಲಿ ಉಳಿದಿದ್ದು 1,500. ಊಟದಲ್ಲಿ 800. ಅಂದ್ರೆ ಸೈಕಲ್ಲು ಬಸ್ಸಿನ ಎದುರು ಗೆದ್ದಿದ್ದೇ ಅಲ್ಲ, ವಿದ್ಯಾರ್ಥಿ ಪಾಸಿನ ಎದುರು ಯಾವ ಗಾಡಿಯೂ ಗೆಲ್ಲಲ್ಲ. ಬಸ್ಸು ಹೋಗದ ಕಡೆ ಇರೋ ಅಗ್ಗದ ರೂಮಿನ ಬಾಗಿಲನ್ನ ಸೈಕಲ್ಲು ತೆರೀತು, ಜೊತೆಗೆ ಬೆಳಿಗ್ಗೆ ಒಂದು ತಾಸು ಕೊಡ್ತು. ಏಳೂಕಾಲಕ್ಕೆ ಹೊರಡೋನು ಈಗ ಎಂಟೂವರೆಗೆ ಹೊರಡ್ತಾನೆ. ಆ ಒಂದು ತಾಸಲ್ಲಿ ಕುಕ್ಕರ್ ಕೂಗ್ತದೆ, ಡಬ್ಬಿ ತುಂಬ್ತದೆ. ಅನ್ನ ಸಾರು, ಒಂದು ಪಲ್ಯ, ಒಂದೊಂದು ದಿನ ಮಾವಶಿ ಕೊಟ್ಟ ಬಂಗಡೆ ಸಾರು ಅಂಕೋಲದ ಹುಡುಗನ ಡಬ್ಬಿಗೆ, ನಮ್ಮವ್ನು ಮೀನು ತಿನ್ನಲ್ಲ, ಅಥವಾ ಮನೇಲಿ ಹಂಗಂತ ಹೇಳ್ತಾನೆ.

ಆ ಅಂಕೋಲದ ಹುಡುಗನ ಕಥೆ ಇದಕ್ಕೆ ಹೋಲಿಸಿ ನೋಡೋಕೆ ಸಿಕ್ಕಿದ್ದು ಅದೃಷ್ಟ. ಅವ್ನೂ ಮೊದ್ಲು ಸೈಕಲ್ ತರ್ತೇನೆ ಅಂದವನು, ಜನವರಿಗೆ ಸೆಕೆಂಡ್ ಹ್ಯಾಂಡ್ ಬೈಕ್ ತಂದ, 38,000. ಕಾಲೇಜಿಗೆ ಹೋಗಿ ಬರೋದು ಮಾತ್ರ ಆದ್ರೆ ದಿನಕ್ಕೆ ಹತ್ತು ಕಿಲೋಮೀಟರ್, ಐದಾರು ಲೀಟರಲ್ಲಿ ತಿಂಗಳು ಕಳೀತದೆ, ಅದೂ ಗಡಿ ಆಚೆ ಪೋಳೆಂನಲ್ಲಿ ಹಾಕ್ಸಿದ್ರೆ ನಮ್ಮಲ್ಲಿಗಿಂತ ಲೀಟರಿಗೆ ಒಂದಷ್ಟು ರೂಪಾಯಿ ಕಮ್ಮಿ, ಕಾರವಾರದವರೆಲ್ಲ ಮಾಡೋದೇ ಅದು. ಐನೂರು ಚಿಲ್ಲರೆ. ಆದ್ರೆ ಬೈಕು ಕಾಲೇಜಿಗೆ ಮಾತ್ರ ಹೋಗ್ತದಾ? ಪೋಳೆಂ ತನಕ ಹೋದವರು ಕಾಣಕೋಣಕ್ಕೆ ಹೋಗ್ತಾರೆ, ಕಾಣಕೋಣಕ್ಕೆ ಹೋದವರು ಪಾಳೋಳೆ ಬೀಚಿಗೆ ಹೋಗ್ತಾರೆ, ಅಲ್ಲಿ ಕೂತು ತಿಂದಿದ್ದು ಪೆಟ್ರೋಲ್ ಲೆಕ್ಕದಲ್ಲಿ ಬರಲ್ಲ. ಇನ್ಶೂರೆನ್ಸು, ಹೆಲ್ಮೆಟ್ಟು, ಒಂದು ಸಲ ಬಿದ್ದು ಇಂಡಿಕೇಟರ್ ಒಡೆದಿದ್ದು. ಬೈಯ್ಯೋಕೆ ಹೇಳ್ತಿಲ್ಲ, ಇಪ್ಪತ್ತು ವರ್ಷಕ್ಕೆ ಬೈಕ್ ಬೇಕು ಅನ್ನಿಸೋದು ಸಹಜ, ಆದ್ರೆ ಅದನ್ನ ಕಾಲೇಜಿಗೆ ಹೋಗೋ ಖರ್ಚು ಅಂತ ಮನೇಲಿ ಹೇಳೋದು ತಪ್ಪು, ಅದು ಬೇರೆ ತಲೆಬರಹದ ಖರ್ಚು.

ಇದೇ ಜಾಗದಲ್ಲಿ ಹುಡುಗಿ ಇದ್ದಿದ್ರೆ ಪೂರ್ತಿ ಲೆಕ್ಕ ತಲೆಕೆಳಗು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದಿದೆ, ಸಾಮಾನ್ಯ ಸರ್ಕಾರಿ ಬಸ್ಸಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟೇ ಇಲ್ಲ, 150ರ ಪಾಸೂ ಬೇಡ. ಹೊಳೆ ದಾಟೋಕೂ ಸೊನ್ನೆ, ಯಲ್ಲಾಪುರಕ್ಕೆ ಹೋಗೋಕೂ ಸೊನ್ನೆ. ಅವ್ರಿಗೆ ಬಸ್ ಸ್ಟಾಪಿನ ಹತ್ರದ ರೂಮೇ ಸರಿ, ಬಾಡಿಗೆ ಸ್ವಲ್ಪ ಜಾಸ್ತಿ ಆದ್ರೂ. ಒಳರಸ್ತೆಯಲ್ಲಿ ಸಂಜೆ ಏಳರ ಮೇಲೆ ಬೀದಿ ದೀಪ ಇರೋದು ಅಲ್ಲೊಂದು ಇಲ್ಲೊಂದು, ಲ್ಯಾಬ್ ಲೇಟಾದ ದಿನ ಆ ದಾರೀಲಿ ಒಬ್ಳೇ ಸೈಕಲ್ ತುಳಿ ಅಂತ ಯಾವ ತಾಯಿಯೂ ಹೇಳಲ್ಲ, ನಾನೂ ಹೇಳಲ್ಲ. ನಮ್ಮ ಚಿಕ್ಕಪ್ಪನ ಮಗಳು ಮುಂದಿನ ವರ್ಷ ಇಲ್ಲಿಗೇ ಬರೋ ಮಾತಿದೆ, ಅವ್ಳಿಗೆ ಕೋಡಿಬಾಗವೇ ಹುಡುಕೋದು ಅಂತ ಈಗಲೇ ತೀರ್ಮಾನ ಆಗಿದೆ.

ಇನ್ನು ಮಳೆ. ಈ ಪ್ರಕರಣದ ದೊಡ್ಡ ತೂತು ಇದೇ. ಕಾರವಾರಕ್ಕೆ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಆಸುಪಾಸು ಮಳೆ, ಹೆಚ್ಚಿಂದು ಜೂನ್ ಜುಲೈ ಆಗಸ್ಟಲ್ಲೇ ಸುರೀತದೆ. ರೇನ್‌ಕೋಟ್ ಹಾಕಿ ಸೈಕಲ್ ತುಳಿದ್ರೆ ಹೊರಗಿಂದ ಮಳೆ, ಒಳಗಿಂದ ಬೆವರು, ಕ್ಲಾಸಿಗೆ ಹೋಗಿ ಕೂತ್ರೆ ಎರಡೂ ಒಂದೇ. ಜೊತೆಗೆ ಬ್ರೇಕು. ಈ ಹಳೇ ಸೈಕಲ್ಲುಗಳ ರಿಮ್ಮು ಸ್ಟೀಲಿಂದು, ಒದ್ದೆಯಾದ ಸ್ಟೀಲ್ ರಿಮ್ಮನ್ನ ರಬ್ಬರ್ ಶೂ ಹಿಡಿಯೋದೇ ಇಲ್ಲ, ಚಕ್ರ ಒಂದೆರಡು ಸುತ್ತು ತಿರುಗಿ ನೀರು ಒರೆಸಿ ಹೋದ ಮೇಲೆ ಸ್ವಲ್ಪ ಹಿಡೀತದೆ, ಅಷ್ಟರಲ್ಲಿ ಎದುರಿನ ರಿಕ್ಷಾ ಹತ್ರ ಬಂದಾಗಿರ್ತದೆ. ಅಲ್ಯೂಮಿನಿಯಂ ರಿಮ್ಮಾದ್ರೆ ವಾಸಿ. ಹಂಗಾಗಿ ಜೋರು ಮಳೆಗಾಲ ಪೂರ್ತಿ ಸೈಕಲ್ಲು ಜಗಲಿ ಮೇಲೆ, ಹುಡುಗ ಛತ್ರಿ ಹಿಡಿದು ಸ್ಟಾಪಿಗೆ ನಡ್ಕೊಂಡು. ಪಾಸು ಬಿಡಬೇಡ ಅಂತ ನಾನು ಹೇಳಿದ್ದು ಇದಕ್ಕೇ. ಪಾಸು ಮಳೆಗಾಲದ ವಿಮೆ ಅಂತ ಇಟ್ಕೊಳ್ಳಿ.

ಜಗಲಿ ಮೇಲೆ ನಿಲ್ಸಿದ್ರೂ ತುಕ್ಕು ಬಿಡಲ್ಲ. ಸಮುದ್ರದ ಗಾಳಿಯಲ್ಲಿ ಬರೋ ಉಪ್ಪು ಕಬ್ಬಿಣದ ಮೇಲೆ ಕೂತು ಗಾಳಿಯ ತೇವವನ್ನೇ ಎಳ್ಕೊಳ್ತದೆ, ಮಳೆ ಬೀಳದಿದ್ರೂ ಲೋಹ ಒದ್ದೆಯಾಗೇ ಇರ್ತದೆ. ಕಳೆದ ಮಳೆಗಾಲ ಮೂರು ವಾರ ಮುಟ್ಟದೆ ಬಿಟ್ಟಿದ್ದ, ಆಮೇಲೆ ಪೆಡ್ಲು ಹಿಂದಕ್ಕೆ ತಿರುಗಿಸಿದ್ರೆ ಚೈನಿನ ಕೊಂಡಿಗಳು ಬಾಗಿದ ಹಂಗೇ ನಿಂತಿದ್ವು, ಒಂದೊಂದನ್ನೂ ಕೈಯಲ್ಲಿ ಹಿಡಿದು ಆಚೆ ಈಚೆ ಬಗ್ಗಿಸಿ ಸಡಿಲ ಮಾಡ್ಬೇಕಾಯ್ತು, ಬೆರಳೆಲ್ಲ ಕೆಂಪು. ಮಾವಶಿ ತೆಂಗಿನೆಣ್ಣೆ ಕೊಟ್ರು ಪಾಪ, ಆದ್ರೆ ಅಂಗಡಿಯವ್ರು ಕೈ ಮುಗಿದು ಬೇಡ ಅಂದ್ರು, ಅದು ದಿನ ಕಳೆದ ಹಾಗೆ ಅಂಟಾಗಿ ಮರಳನ್ನ ಹಿಡ್ಕೊಳ್ತದೆ, ಮರಳು ಎಣ್ಣೆ ಸೇರಿದ್ರೆ ಚೈನೂ ಫ್ರೀವೀಲಿನ ಹಲ್ಲೂ ಸವೀತದೆ. ಅವ್ರು ಹೇಳಿದ್ದು, ಹಳೇ ಬ್ರಷ್ಷಿಗೆ ಡೀಸೆಲ್ ಹಚ್ಚಿ ತೊಳಿ, ಒಣ ಬಟ್ಟೇಲಿ ಒರೆಸು, ಹೊಲಿಗೆ ಮಷೀನ್ ಎಣ್ಣೆ ಒಂದೊಂದು ಕೊಂಡಿಗೆ ಒಂದೊಂದು ಹನಿ, ಆಮೇಲೆ ಮತ್ತೆ ಒರೆಸು. ಕೊನೇ ಒರೆಸೋದೇ ಮುಖ್ಯ, ಎಣ್ಣೆ ಕೊಂಡಿಯ ಒಳಗಿರ್ಬೇಕು, ಮೇಲೆ ಹೊಳೀಬಾರ್ದು. ಸೀಟಿನ ಕೊಳವೆ ಸೇರೋ ಜಾಗಕ್ಕೆ ಗ್ರೀಸ್, ಇಲ್ದಿದ್ರೆ ಎರಡು ಮಳೆಗಾಲ ಕಳೆದ್ರೆ ಸೀಟು ಮೇಲೂ ಬರಲ್ಲ ಕೆಳಗೂ ಹೋಗಲ್ಲ.

ಮಳೆಗಾಲದಲ್ಲಿ ಊಟದ ಖರ್ಚೂ ಸ್ವಲ್ಪ ಏರ್ತದೆ, ಜೂನ್ ಒಂದರಿಂದ ಜುಲೈ ಮೂವತ್ತೊಂದರ ತನಕ ಯಾಂತ್ರಿಕ ದೋಣಿಗಳಿಗೆ ನಿಷೇಧ, ಮೀನಿನ ರೇಟು ಕೇಳೋ ಹಂಗಿಲ್ಲ, ಅಂಕೋಲದ ಹುಡುಗ ಮೊಟ್ಟೆಗೆ ಇಳೀತಾನೆ. ತರಕಾರಿಯೂ ಹಂಗೇ.

ಮನೆಯವ್ರು ಎಂತ ಹೇಳಿದ್ರು ಅಂತಾನೂ ಬರೀಬೇಕು, ಯಾಕಂದ್ರೆ ಲೆಕ್ಕ ಸರಿ ಇದ್ದ ಮಾತ್ರಕ್ಕೆ ಮನೇಲಿ ಒಪ್ತಾರೆ ಅಂತಿಲ್ಲ. ಚಿಕ್ಕಪ್ಪಂದು ಒಂದೇ ಮಾತು, ಇಂಜಿನಿಯರಿಂಗ್ ಓದೋ ಮಾಣಿ ಸೈಕಲ್ ಮೇಲೆ ಹೋಗ್ತ ಹೇಳಿರೆ ಜನ ಎಂತ ಹೇಳ್ತ. ಅಡಿಕೆ ಮಾರಿದ ದುಡ್ಡಲ್ಲಿ ಬೈಕ್ ಕೊಡಿಸೋಕೂ ತಯಾರಿದ್ರು. ಚಿಕ್ಕಮ್ಮ ಬೈಕ್ ಬ್ಯಾಡ ಅಂತ ಹಟ ಹಿಡಿದ್ರು, ಹೈವೇ ಅಪಘಾತದ ಸುದ್ದಿ ಓದಿ ಓದಿ ಅವ್ರಿಗೆ ಹೆದರಿಕೆ. ಹಂಗೆ ನೋಡಿದ್ರೆ ಸೈಕಲ್ಲೂ ಅದೇ ಹೈವೇ ಮೇಲೇ ಹೋಗೋದು, ಅದನ್ನ ನಾನು ಚಿಕ್ಕಮ್ಮನಿಗೆ ಬಿಡಿಸಿ ಹೇಳೋಕೆ ಹೋಗ್ಲಿಲ್ಲ, ಹುಡುಗನಿಗೆ ಹಿಂದೆ ಕೆಂಪು ಲೈಟು, ಕ್ಯಾರಿಯರಿಗೆ ರೇಡಿಯಂ ಪಟ್ಟಿ ಅಂಟಿಸಿಕೊಟ್ಟೆ. ಬ್ರಿಜ್ ಮೇಲೆ ಸೈಕಲ್ ಒಯ್ಯೋದು ಭಾನುವಾರ ಬೆಳಿಗ್ಗೆ ಮಾತ್ರ, ಸಂತೆಗೆ, ಲಾರಿ ಕಮ್ಮಿ ಇರೋ ಹೊತ್ತಲ್ಲಿ ಅಂತ ಮಾತಾಗಿದೆ. ಎದುರು ಬದುರು ಗಾಡಿ ಓಡೋ ಆ ಸೇತುವೆ ಮೇಲೆ ಸೈಕಲ್‌ನವನು ಯಾರ ಲೆಕ್ಕದಲ್ಲೂ ಇಲ್ಲ, ಅಡ್ಡ ಗಾಳಿ ಬಂದ್ರೆ ಹ್ಯಾಂಡಲ್ಲು ಒಂದು ಮಾರು ಎಳೀತದೆ.

ಈ ಲೆಕ್ಕವನ್ನ ಬೇರೆ ಕಡೆಗೆ ಒಯ್ಯೋರು ಸ್ವಲ್ಪ ನೋಡ್ಕೊಂಡು ಒಯ್ರಿ. ಶಿರಸಿಯಲ್ಲಿ ಓದೋರು ಕೇಳಿದ್ರೆ ನಾನು ಗೇರ್ ಇಲ್ಲದ ಸೈಕಲ್ ತಗೋ ಅನ್ನಲ್ಲ, ಅಲ್ಲಿ ಯಾವ ದಿಕ್ಕಿಗೆ ಹೊರಟ್ರೂ ಏರು ಇಳಿವು, ಹೋಗುವಾಗ ಇಳಿದಿದ್ದನ್ನ ಬರುವಾಗ ಹತ್ತಲೇಬೇಕು. ಕಾರವಾರದಲ್ಲೇ ಮೆಡಿಕಲ್ ಓದೋರಿಗೆ ಕಾಲೇಜು ಪೇಟೆಯಲ್ಲೇ, ಅವ್ರಿಗೆ ನಡ್ಕೊಂಡೇ ಹೋಗೋ ದೂರದ ರೂಮ್ ಸಿಕ್ರೆ ಅದಕ್ಕಿಂತ ಲಾಭ ಇಲ್ಲ. ತೆಂಕಲ ಬದಿ ಬಿಣಗಾದಿಂದ ದಿನಾ ಬರೋರಿಗೆ ನಡುವೆ ಗುಡ್ಡ, ಸುರಂಗ, ಸೈಕಲ್ಲಿನ ಮಾತೇ ಬೇಡ. ಮಾಜಾಳಿ, ಚಿತ್ತಾಕುಲದ ಆ ಮಟ್ಟಸ ಪಟ್ಟಿ, ಕಾಲೇಜೂ ರೂಮೂ ಹೊಳೆಯ ಒಂದೇ ದಂಡೆ, ಇವೆರಡು ಸೇರಿದ್ದಕ್ಕೆ ಇದು ಕೆಲ್ಸ ಮಾಡ್ತು.

ಈಗಿನ ಸ್ಥಿತಿ ಹೇಳಿ ಬಿಡ್ತೇನೆ. ಮಾವಶಿ ಬಾಡಿಗೆ 500 ಏರಿಸಿದಾರೆ, ಆದ್ರೂ ತಲೆಗೆ 2,250, ಕೋಡಿಬಾಗದ ಹಳೇ ರೂಮಿನವ್ರು ಅಷ್ಟರಲ್ಲಿ ಎಂಟು ಸಾವಿರಕ್ಕೆ ಹೋಗಿದಾರಂತೆ. ಕೊನೇ ವರ್ಷ ಇಂಟರ್ನ್‌ಶಿಪ್ಪು ಅಂತ ಊರು ಬಿಡೋದಿದ್ರೆ ಅಡ್ವಾನ್ಸ್ ವಾಪಸ್ ಕೇಳೋಕೆ ಎರಡು ತಿಂಗಳು ಮೊದ್ಲೇ ಹೇಳ್ಬೇಕು ಅಂತ ಮಾತಾಗಿದೆ. ಹಿಂದಿನ ಟೈರು ಸವೆದಿದೆ, ಈ ಸಲ ಟೈರಿನ ಜೊತೆ ರಿಮ್ಮೂ ಅಲ್ಯೂಮಿನಿಯಂದು ಹಾಕ್ಸೋದಾ ಅಥವಾ ಇದನ್ನ ಊರಿನ ಪಕ್ಕದ ಮನೆ ಹುಡುಗನಿಗೆ ಕೊಟ್ಟು ಏಳೆಂಟು ಸಾವಿರದ ಗೇರ್ ಸೈಕಲ್ ತಗೊಳ್ಳೋದಾ ಅಂತ ಹುಡುಗ ಕೇಳಿದಾನೆ. ಗೇರ್ ಸೈಕಲ್ಲಿನ ಡಿರೇಲರು, ಅಂದ್ರೆ ಚೈನನ್ನ ಒಂದು ಗೇರಿಂದ ಇನ್ನೊಂದಕ್ಕೆ ಸರಿಸೋ ಭಾಗ, ಈ ಉಪ್ಪು ಗಾಳಿಗೆ ಇನ್ನೂ ಬೇಗ ಕೈ ಕೊಡ್ತದೆ, ಐದು ಕಿಲೋಮೀಟರ್ ಮಟ್ಟಸ ದಾರಿಗೆ ಅದು ಬೇಕಾಗಿಯೂ ಇಲ್ಲ. ರಿಮ್ಮು ಹಾಕ್ಸು ಅಂದಿದೇನೆ.